ಗೊತ್ತಿದ್ದವನೇ ಕಳ್ಳ

ಪದಬಂಧದ ಚೌಕಗಳು ಅಂದೂ ಭರ್ತಿಯಾಗಿದ್ದವು. ಅದೂ ಪೆನ್ಸಿಲಿನಲ್ಲಲ್ಲ, ನೀಲಿ ಶಾಯಿಯಲ್ಲಿ, ಎಲ್ಲೂ ಒಂದು ಚಿತ್ತಿಲ್ಲದೆ.

ಬಡಾವಣೆ ಸಂಘದ ಅಧ್ಯಕ್ಷರು ಪತ್ರಿಕೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಬರೆದವನು ಹಿಂದುಗಡೆ ಅವಿತು ಕೂತಿರಬಹುದು ಎಂಬಂತೆ ಹಾಳೆಯನ್ನು ತಿರುಗಿಸಿಯೂ ನೋಡಿದರು.

"ಏನ್ರೀ ಇದು?"

"ಪದಬಂಧ ಸಾರ್," ಎಂದ ಶ್ಶಣ್ಣ.

"ಅದು ನನಗೂ ಕಾಣ್ತಿದೆ. ಬರೆದಿದ್ದು ಯಾರು?"

ಶ್ಶಣ್ಣ ಬಡಾವಣೆಯ ವಾಚನಾಲಯದ ಮೇಲ್ವಿಚಾರಕ. ಯಾರಾದರೂ ಕೆಮ್ಮಿದರೂ ತುಟಿಗೆ ಬೆರಳಿಟ್ಟು "ಶ್ಶ್" ಅನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಬೆಳಿಗ್ಗೆ ಅಧ್ಯಕ್ಷರ ಮನೆಯ ಗೇಟಿಗೆ ಸಿಕ್ಕಿಸಿರುವ ವಾಚನಾಲಯದ ಪತ್ರಿಕೆಯನ್ನು ತಂದು ಮೇಜಿನ ಮೇಲಿಡುವುದು, ಕಿಟಕಿ ತೆರೆಯುವುದು, ಫ್ಯಾನು ಹಾಕುವುದು, ಆಮೇಲೆ ಬಾಗಿಲು ಮುಚ್ಚುವ ತನಕ ಬಂದವರ ಮೇಲೆಲ್ಲ ಅನುಮಾನಪಡುವುದು, ಇಷ್ಟು ಅವನ ಕೆಲಸ. ಕೊನೆಯದನ್ನು ಅವನಿಗೆ ಯಾರೂ ವಹಿಸಿರಲಿಲ್ಲ, ಅವನೇ ಇಷ್ಟಪಟ್ಟು ವಹಿಸಿಕೊಂಡಿದ್ದ.

ಸಾಮಾನ್ಯ ಜ್ಞಾನದ ಆ ಪದಬಂಧವಂತೂ ಅಧ್ಯಕ್ಷರ ಸ್ವಂತ ಆಸ್ತಿಯ ಹಾಗೆ. ಹೊತ್ತೇರಿದ ಮೇಲೆ ವಾಚನಾಲಯಕ್ಕೆ ಬಂದು, ಎಲ್ಲರಿಗೂ ಕೇಳುವಂತೆ ಒಂದೊಂದೇ ಸುಳಿವು ಓದಿ, ತಾವೇ ಉತ್ತರ ಹೇಳಿ, ತಾವೇ "ಭೇಷ್" ಅಂದುಕೊಳ್ಳುವುದು ಅವರ ದಿನಚರಿ. ಈಗ ಕೆಲವು ದಿನಗಳಿಂದ ಯಾರೋ ಅವರ ಎಲೆಗೇ ಕೈ ಹಾಕುತ್ತಿದ್ದರು.

"ನೋಡಿ, ನನಗಿಂತ ಬುದ್ಧಿವಂತ ಅಂತ ತೋರಿಸ್ಕೊಳ್ಳೋ ಕೊಬ್ಬು ಯಾರಿಗೋ ಬಂದಿದೆ. ಇವತ್ತು ಸಂಜೆ ಬಾಗಿಲು ಹಾಕೋದ್ರೊಳಗೆ ಆ ಕಳ್ಳ ನನ್ನೆದುರು ನಿಂತಿರ್ಬೇಕು. ಇಲ್ಲಾಂದ್ರೆ ನೀವು ಕೀಲಿ ಕೊಟ್ಟು ಮನೆಗೆ ಹೋಗಿ. ನನ್ನ ಬಾಮೈದ ಕೆಲಸ ಇಲ್ದೆ ಕೂತಿದಾನೆ, ಇಲ್ಲಿ ಬಂದು ಕೂತ್ಕೋತಾನೆ."

ಅಧ್ಯಕ್ಷರು ಹೋದ ಮೇಲೂ ಶ್ಶಣ್ಣ ನಿಂತೇ ಇದ್ದ. ಈ ಕೆಲಸ ಸಿಕ್ಕ ಮೇಲೆಯೇ ಅವನ ಮಾವ ಅವನೊಡನೆ ಮಾತಾಡಲು ಶುರುಮಾಡಿದ್ದರು. ಅದಕ್ಕೆ ಮುಂಚೆ ಅಳಿಯ ಮನೆಗೆ ಬಂದರೆ ಅವರು ಗೋಡೆಯ ಕಡೆ ತಿರುಗಿ ಮಗಳ ಕ್ಷೇಮ ವಿಚಾರಿಸುತ್ತಿದ್ದರು. ಕೆಲಸ ಹೋದರೆ ಮತ್ತೆ ಗೋಡೆಯೇ ಗತಿ.

ಅವನು ಕೂತು ಯೋಚಿಸಿದ. ಉತ್ತರ ಗೊತ್ತಿಲ್ಲದವನು ಬರೆಯಲಾರ. ಅಂದಮೇಲೆ ಉತ್ತರ ಗೊತ್ತಿದ್ದವನೇ ಕಳ್ಳ! ಇಷ್ಟು ಸುಲಭದ ವಿಷಯ ಪೊಲೀಸರಿಗೆ ಯಾಕೆ ಹೊಳೆಯುವುದಿಲ್ಲವೋ ಎಂದು ಅವನಿಗೆ ಆಶ್ಚರ್ಯವಾಯಿತು. ಉತ್ತರಗಳತ್ತ ಕಣ್ಣೂ ಹಾಯಿಸದೆ ನಾಲ್ಕಾರು ಸುಳಿವುಗಳನ್ನು ಎಡ ಅಂಗೈ ಮೇಲೆ ಗೀಚಿಕೊಂಡು, ಪತ್ರಿಕೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಮೊದಲು ಸಿಕ್ಕವನು ಇನ್ಶೂರೆನ್ಸ್ ಏಜೆಂಟ್. ದಿನವೂ ಬಂದು ಬರೀ ನಿಧನ ವಾರ್ತೆಗಳ ಪುಟ ಓದುವವನು. ಜೇಬಿನಲ್ಲಿ ನೀಲಿ ಪೆನ್ನು ಮಿರಮಿರ ಮಿಂಚುತ್ತಿತ್ತು.

"ಏಜೆಂಟ್ರೇ, ಸುಮ್ನೆ ಕೇಳ್ತೀನಿ," ಎಂದು ಶ್ಶಣ್ಣ ಅಂಗೈ ನೋಡಿಕೊಂಡ. "ಮೂರು ಹೃದಯ ಇರೋ ಕಡಲ ಪ್ರಾಣಿ ಯಾವುದು?"

"ಆಕ್ಟೋಪಸ್. ಯಾಕೆ, ಅದಕ್ಕೂ ಪಾಲಿಸಿ ಮಾಡಿಸ್ಬೇಕಾ? ಮೂರು ಹೃದಯ ಅಂದ್ರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಬೀಳುತ್ತೆ."

"ಸಿಕ್ಕಿಬಿದ್ರಿ!" ಶ್ಶಣ್ಣ ಕೋಳಿ ಹಿಡಿಯುವವನಂತೆ ಮೇಜಿನ ಮೇಲಿಂದ ಬಾಗಿ ಏಜೆಂಟನ ಪೆನ್ನಿಗೆ ಕೈ ಹಾಕಿದ. ಪೆನ್ನಿನ ಜತೆ ಜೇಬೂ ಅರ್ಧ ಕಿತ್ತು ಬಂತು. ಮುಚ್ಚಳ ತೆಗೆದು ರದ್ದಿ ಕಾಗದದ ಮೇಲೆ ಗೀರಿದ. ಏನೂ ಮೂಡಲಿಲ್ಲ. ಒತ್ತಿ ಗೀರಿದ. ಕಾಗದ ತೂತಾಯಿತು.

"ಅದರಲ್ಲಿ ಶಾಯಿ ಇಲ್ಲ ಸ್ವಾಮಿ," ಎಂದ ಏಜೆಂಟ್, ನೇತಾಡುವ ಜೇಬನ್ನು ಎತ್ತಿ ಹಿಡಿದುಕೊಂಡು. "ಅದು ಬರಿಯೋಕಲ್ಲ, ಜೇಬಿನ ಅಂದಕ್ಕೆ ಇಟ್ಟಿರೋದು. ಈಗ ಜೇಬೇ ಇಲ್ಲ. ಏನ್ ಸಮಾಚಾರ, ಹೇಳಿ?"

ಶ್ಶಣ್ಣ ಹೇಳಲೇಬೇಕಾಯಿತು. ಯಾರಿಗೂ ಹೇಳಬೇಡಿ ಎಂದೂ ಹೇಳಿದ. ಅದೊಂದನ್ನು ಹೇಳದೆ ಇದ್ದಿದ್ದರೆ ಏಜೆಂಟ್ ಬಹುಶಃ ಸುಮ್ಮನಿರುತ್ತಿದ್ದ.

ಅರ್ಧ ಗಂಟೆಯಲ್ಲಿ ವಾಚನಾಲಯದ ಗಾಳಿಯೇ ಬದಲಾಯಿತು. ಏನಾದರೂ ಗೊತ್ತಿರುವುದು ಅಪಾಯ ಎಂದು ಎಲ್ಲರಿಗೂ ಗೊತ್ತಾಯಿತು.

ನಿವೃತ್ತ ನರ್ಸಮ್ಮ ಬಂದು ಕೂತದ್ದೇ ಶ್ಶಣ್ಣ ಹತ್ತಿರ ಸರಿದ. "ನರ್ಸಮ್ಮಾ, ನೀರಿನ ಹಾಗೆ ಹರಿಯುತ್ತಂತಲ್ಲ ಒಂದು ಲೋಹ, ಹಳೇ ಥರ್ಮಾಮೀಟರಲ್ಲಿ ಇರೋದು, ಯಾವುದದು?"

ನರ್ಸಮ್ಮ ಕನ್ನಡಕದ ಮೇಲಿಂದ ಏಜೆಂಟನನ್ನು ನೋಡಿದರು. ಅವನು ಕಣ್ಣಲ್ಲೇ 'ಬೇಡ' ಅಂದ.

"ಥರ್ಮಾಮೀಟರ್ ಅಂದ್ರೆ?"

"ಅಲ್ಲ, ಇಡೀ ಸರ್ವೀಸ್ ಆಸ್ಪತ್ರೇಲಿ ಮಾಡಿದ್ರಿ. ಜ್ವರ ಹೇಗೆ ನೋಡ್ತಿದ್ರಿ?"

"ಮುಖ ನೋಡಿ ಹೇಳ್ತಿದ್ದೆ ಕಣಪ್ಪ. ನಿಂಗೀಗ ಸ್ವಲ್ಪ ಇದ್ದ ಹಾಗಿದೆ."

ಭೂಗೋಳದ ಮೇಷ್ಟ್ರ ಸ್ಥಿತಿಯನ್ನಂತೂ ನೋಡಲಾಗುತ್ತಿರಲಿಲ್ಲ. ನಿವೃತ್ತರಾದ ಮೇಲೂ ಕಾಫಿ ಕುಡಿಯುವಾಗ ಬೀಜ ಯಾವ ಖಂಡದಿಂದ ಬಂತೆಂದು ಹೇಳದೆ ಲೋಟ ಕೆಳಗಿಡದವರು. ಶ್ಶಣ್ಣ ಅವರ ಕಿವಿಯ ಬಳಿ ಬಾಗಿ, "ಆಫ್ರಿಕಾ ಖಂಡದ ಅತಿ ಉದ್ದದ ನದಿ?" ಎಂದ.

ಮೇಷ್ಟ್ರ ಬಾಯಿ ತಾನಾಗಿ ತೆರೆಯಿತು. ಕೈ ಬಾಯಿ ಮುಚ್ಚಿತು. ಗಂಟಲಲ್ಲಿ ಏನೋ ಮೇಲೆ ಬಂದು ಕೆಳಗಿಳಿಯಿತು, ಇಡೀ ಭೂಗೋಳವನ್ನೇ ನುಂಗಿದವರಂತೆ.

"ಆಫ್ರಿಕಾ..." ಅವರ ಕಣ್ಣಲ್ಲಿ ನೀರಾಡಿತು. "ಅದು ಬಸ್ ಸ್ಟ್ಯಾಂಡ್ ಹಿಂದೆ ಬರುತ್ತಲ್ವೇನಯ್ಯಾ?"

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಓದುತ್ತಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಅಂಚಿನಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಯಾರೋ ದಾರಿಹೋಕ ಬಾಗಿಲಲ್ಲಿ ನಿಂತು, "ಗಂಟೆ ಎಷ್ಟು?" ಎಂದು ಕೇಳಿದ. ಏಜೆಂಟ್ ಕೈಗಡಿಯಾರವನ್ನು ತೋಳಿನೊಳಗೆ ಎಳೆದುಕೊಂಡು, "ಗೊತ್ತಿಲ್ಲ," ಅಂದ. "ಹೋಗ್ಲಿ, ಪೋಸ್ಟ್ ಆಫೀಸ್ ಎಲ್ಲಿದೆ?" ಅಂದಾಗ ಮೂವರೂ ಒಟ್ಟಿಗೆ ಅಡ್ಡಡ್ಡ ತಲೆಯಾಡಿಸಿದರು. ಪೋಸ್ಟ್ ಆಫೀಸಿನ ಬೋರ್ಡು ಎದುರಿನ ಕಿಟಕಿಯಲ್ಲೇ ಕಾಣುತ್ತಿತ್ತು. ಆ ಮನುಷ್ಯ ಅವರನ್ನೂ ಬೋರ್ಡನ್ನೂ ನೋಡಿ, ಒಂದು ಹೆಜ್ಜೆ ಹಿಂದಿಟ್ಟು, ಬೇಗ ಬೇಗ ನಡೆದುಬಿಟ್ಟ.

ಆಮೇಲೆ ಚಾಡಿ ಶುರುವಾಯಿತು. ಏಜೆಂಟ್ ಕಪಾಟಿನ ಮರೆಗೆ ಶ್ಶಣ್ಣನನ್ನು ಎಳೆದುಕೊಂಡು ಹೋದ. "ಮೇಷ್ಟ್ರ ಮೇಲೆ ಒಂದು ಕಣ್ಣಿಡಿ. ಇಷ್ಟೊಂದು ಗೊತ್ತಿಲ್ಲ ಅನ್ನೋರಿಗೆ ಎಲ್ಲಾ ಗೊತ್ತಿರುತ್ತೆ."

ನರ್ಸಮ್ಮ ಎದ್ದು ಬಂದು, "ಏಜೆಂಟ್ ಯಾಕೆ ಆಗಲೇ ಕೈ ತೊಳ್ಕೊಂಡು ಬಂದ? ಊಟ ಮಾಡಿಲ್ಲ, ಏನಿಲ್ಲ," ಎಂದು ಪಿಸುಗುಟ್ಟಿದರು.

ಮೇಷ್ಟ್ರು ನರ್ಸಮ್ಮನ ಕೈಬೆರಳನ್ನು ತೋರಿಸಿ ಹುಬ್ಬು ಹಾರಿಸಿದರು, ಅಷ್ಟೆ. ಬೆರಳ ತುದಿ ನೀಲಿಯಾಗಿತ್ತು! ಶ್ಶಣ್ಣ ಓಡಿಹೋಗಿ ಆ ಕೈ ಹಿಡಿದುಕೊಂಡ.

"ಮೊಮ್ಮಗಳ ಮೊಣಕಾಲಿಗೆ ಗಾಯದ ಔಷಧಿ ಹಚ್ಚಿದ್ದೆ ಕಣೋ," ಎಂದು ನರ್ಸಮ್ಮ ಕೈ ಕೊಡವಿದರು. "ಬಿಡೋ ಕೈನ! ನೋಡ್ದೋರು ಏನಂದ್ಕೋತಾರೆ?"

ಸಂಜೆ ಅಧ್ಯಕ್ಷರು ಬಂದರು. ಹಿಂದೆಯೇ ಬಾಮೈದ, ಕಂಕುಳಲ್ಲಿ ಕುರ್ಚಿಗೆ ಹಾಕುವ ಒಂದು ದಿಂಬು.

"ಎಲ್ರೀ ಕಳ್ಳ?"

"ಯಾರನ್ನ ಕೇಳಿದ್ರೂ ಏನೂ ಗೊತ್ತಿಲ್ಲ ಅಂತಾರೆ ಸಾರ್," ಎಂದು ಶ್ಶಣ್ಣ ಮೂವರನ್ನೂ ನೋಡಿದ. ಒಬ್ಬರ ಜೇಬು ಹರಿದಿದ್ದಾಗಿತ್ತು, ಒಬ್ಬರ ಕೈ ಹಿಡಿದಿದ್ದಾಗಿತ್ತು, ಒಬ್ಬರನ್ನು ಅಳಿಸಿದ್ದಾಗಿತ್ತು. ಬಾಮೈದನ ದಿಂಬನ್ನೂ ನೋಡಿದ. ಕೆಲಸವಂತೂ ಹೋಯಿತು. ಹೋಗುವುದೇ ಆದರೆ, ಅತಿಯಾದ ಜ್ಞಾನದಿಂದ ಹೋಯಿತು ಎಂದಾದರೂ ಮಾವನ ಕಿವಿಗೆ ಬೀಳಲಿ.

"ನಾನೇ ಸಾರ್," ಅಂದ. "ನಾನೇ ಬರೆದಿದ್ದು."

ಅಧ್ಯಕ್ಷರು ನಕ್ಕರು. ಬಾಮೈದನೂ ನಕ್ಕ. ಅನುಮಾನ ಬೇಡವೆಂದು ಏಜೆಂಟನೂ ನಕ್ಕ.

"ನೀವಾ? ತಗೀರಿ ಆ ಪೇಪರ್ನ." ಅಧ್ಯಕ್ಷರು ಚೌಕಗಳ ಮೇಲೆ ಅಗಲವಾಗಿ ಅಂಗೈ ಮುಚ್ಚಿ, ಸುಳಿವಿನ ಮೇಲೆ ಬೆರಳಿಟ್ಟರು. "ಹೇಳಿ, ಥರ್ಮಾಮೀಟರಲ್ಲಿ ಇರ್ತಿದ್ದ ದ್ರವ ಲೋಹ?"

"ಬೆಳ್ಳಿ ಸಾರ್."

ನರ್ಸಮ್ಮನ ಕುರ್ಚಿ ಕಿರುಗುಟ್ಟಿತು. "ಪಾದರಸ!" ಎಂದು ಹೇಳಿಯೇಬಿಟ್ಟರು. "ಬೆಳ್ಳಿಯಂತೆ! ರೋಗಿ ಬಾಯಲ್ಲಿ ಕಾಲ್ಗೆಜ್ಜೆ ಇಡ್ತಿದ್ವೇನೋ ನಾವು?"

"ಆಫ್ರಿಕಾದ ಅತಿ ಉದ್ದದ ನದಿ?"

"ಅಮೆಜಾನ್ ಸಾರ್."

ಮೇಷ್ಟ್ರು ಬೆಂಚಿನಿಂದ ಚಿಮ್ಮಿದರು. "ನೈಲ್! ನೈಲ್ ಕಣಯ್ಯಾ, ನೈಲ್! ಅಷ್ಟು ದೊಡ್ಡ ನದೀನ ಸಾಗರ ದಾಟಿಸಿ ತಂದು ಆಫ್ರಿಕಾದಲ್ಲಿ ಹಾಕ್ತೀಯಲ್ಲ! ಇದನ್ನ ನಾನು ಸತ್ತ ಮೇಲೆ ಹೇಳ್ಬಾರ್ದಾಗಿತ್ತಾ?" ಬೆಳಗಿನಿಂದ ನುಂಗಿಕೊಂಡಿದ್ದ ನದಿ ಹೊರಗೆ ಬಂದದ್ದೇ ಅವರ ಮುಖಕ್ಕೆ ಕಳೆ ಬಂತು.

"ಉಂಗುರಗಳಿಗೆ ಹೆಸರಾದ ಗ್ರಹ?"

"ಚಂದ್ರ."

"ಶನಿ!" ಎಂದು ಮೂವರೂ ಒಟ್ಟಿಗೆ ಕಿರುಚಿದರು. ಅದು ಉತ್ತರವೋ, ತನ್ನನ್ನು ಕರೆದದ್ದೋ ಎಂದು ಶ್ಶಣ್ಣನಿಗೆ ತಿಳಿಯಲಿಲ್ಲ.

ಅಧ್ಯಕ್ಷರು ನಿಧಾನವಾಗಿ ಪತ್ರಿಕೆ ಮಡಿಸಿ ಡ್ರಾಯರಿಗೆ ಹಾಕಿದರು. "ಓಹೋ. ಬೆಳಿಗ್ಗೆಯಿಂದ ಯಾರಿಗೂ ಏನೂ ಗೊತ್ತಿರಲಿಲ್ವಂತೆ. ಈಗ ನೋಡಿದ್ರೆ ಎಲ್ರಿಗೂ ಎಲ್ಲಾ ಗೊತ್ತು. ಎಲ್ಲಾ ಸೇರ್ಕೊಂಡು ಆಡ್ತಿರೋ ಆಟ ಇದು! ನಾಳೆಯಿಂದ ನೀವು ಯಾರೂ ಒಳಗೆ ಕಾಲಿಡ್ಕೂಡ್ದು. ವಾಚನಾಲಯ ಬಂದ್. ಓದೋರೇ ಇಲ್ಲ ಅಂದ್ಮೇಲೆ ಮೇಲ್ವಿಚಾರಕ ಯಾಕೆ ಬೇಕು? ರೀ, ಬಾಗಿಲು ಹಾಕಿ ಕೀಲಿ ಮನೆಗೆ ತಂದುಕೊಡಿ."

ಬಾಮೈದ ದಿಂಬನ್ನು ಎದೆಗವಚಿಕೊಂಡು ಪೆಚ್ಚಾಗಿ ಭಾವನ ಹಿಂದೆ ನಡೆದ.

ಅಧ್ಯಕ್ಷರ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ.

"ಕೀಲಿ ಯಾಕಪ್ಪಾ?"

"ವಾಚನಾಲಯ ಬಂದ್ ಆಯ್ತಮ್ಮಾ. ಆ ಪದಬಂಧ ಯಾರು ತುಂಬಿಸ್ತಿದ್ರು ಅಂತ ಗೊತ್ತಾಗ್ಲಿಲ್ಲ, ಎಲ್ರೂ ಸೇರಿ ಮಾಡಿದ್ದು ಅಂತಾರೆ ಸಾಹೇಬ್ರು."

"ಹಾಗಾದ್ರೆ ನಾಳೆಯಿಂದ ಪೇಪರ್ ಬರಲ್ವಾ?"

"ಬರಲ್ಲ."

ಆಕೆ ಒಳಗೊಮ್ಮೆ ನೋಡಿ ಬಾಗಿಲನ್ನು ಅರ್ಧ ಎಳೆದುಕೊಂಡರು. "ಮತ್ತೆ ನಾನು ಬೆಳಿಗ್ಗೆ ಏನು ತುಂಬಿಸ್ಲಿ?"

ಶ್ಶಣ್ಣನ ಕೈಯಿಂದ ಕೀಲಿ ಜಾರಿ ಬಿತ್ತು.

"ಮೆಲ್ಲಗೆ!" ಎಂದರು ಆಕೆ. "ಅವರು ಸ್ನಾನಕ್ಕೆ ಹೋದಾಗ ಗೇಟಿಂದ ತಗೊಂಡು, ಬರೆದು, ಮಡಿಸಿ ಮತ್ತೆ ಅಲ್ಲೇ ಸಿಕ್ಕಿಸ್ತೀನಿ. ಮದುವೆ ಆದಾಗಿಂದ ಊಟದ ಹೊತ್ತಲ್ಲಿ ಅವರ ಉತ್ತರಗಳನ್ನ ಕೇಳಿ ಕೇಳಿ ಸಾಕಾಗಿದೆ ಕಣಪ್ಪಾ. ಅರ್ಧಕ್ಕರ್ಧ ತಪ್ಪು. ಒಂದು ದಿನ ತಡೀಲಿಲ್ಲ."

"ಅಮ್ಮಾ, ಅಕ್ಷರ... ಸಾಹೇಬ್ರು ಗುರುತು ಹಿಡೀಲಿಲ್ವಾ?"

"ನನ್ನ ಅಕ್ಷರ ಅವರು ಯಾವತ್ತು ನೋಡಿದಾರೆ? ಆದ್ರೆ ನನ್ನ ತಮ್ಮ ಇದಾನಲ್ಲ, ಅವನು ಆ ಕುರ್ಚೀಲಿ ಕೂತ್ರೆ ಒಂದೇ ನೋಟಕ್ಕೆ ಹಿಡೀತಾನೆ. ಸ್ಕೂಲಲ್ಲಿ ಅವನ ಹೋಂವರ್ಕ್ ಪೂರ್ತಿ ಬರೆದಿದ್ದು ನಾನು. ಅದಕ್ಕೇ ನಿಮ್ಮ ಕೆಲಸ ಉಳೀಬೇಕು. ಇಲ್ಲೇ ಇರಿ."

ಆಕೆ ಒಳಗೆ ಹೋದರು. "ಅಷ್ಟೂ ಜನ ಸೇರಿ ಒಂದೇ ಪೆನ್ನು ಹಿಡಿಯೋಕಾಗುತ್ತೇನ್ರೀ?" ಎಂಬ ಮಾತು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಧ್ಯಕ್ಷರೇ ಬಾಗಿಲಿಗೆ ಬಂದರು. ಯಾವುದೋ ಹೊಸ ಗ್ರಹ ಕಂಡುಹಿಡಿದವರ ಹಾಗೆ ಮುಖ ಅರಳಿತ್ತು.

"ಕೀಲಿ ಇಟ್ಕೊಳ್ರೀ. ನನಗೀಗ ಹೊಳೀತು. ಅಷ್ಟೂ ಅಕ್ಷರ ಒಬ್ಬನದೇ! ಬಂದ್ ಬೇಡ, ಎಲ್ರೂ ಬರಲಿ. ಬಂದ್ರೆ ತಾನೇ ಹಿಡಿಯೋಕಾಗೋದು? ನೀವೇ ಇರಿ. ಆ ಒಬ್ಬ ಸಿಗೋವರೆಗೂ ನಿಮ್ಮ ಪಕ್ಕದಲ್ಲೇ ನನ್ನ ಬಾಮೈದನ್ನ ಕೂರಿಸ್ತೀನಿ. ಅಕ್ಷರ ಗುರುತು ಹಿಡಿಯೋದ್ರಲ್ಲಿ ಅವನು ಎತ್ತಿದ ಕೈ. ಕಳ್ಳ ಸಿಕ್ಕಿದ ದಿನ ಇಬ್ಬರಲ್ಲಿ ಯಾರು ಉಳೀಬೇಕು ಅಂತ ನೋಡೋಣ."

ಅವರು ಒಳಗೆ ಹೋದರು. ಹಿಂದೆ ನಿಂತಿದ್ದ ಹೆಂಡತಿಯ ಮುಖ ಬಿಳುಚಿತ್ತು. ಆದರೆ ಕ್ಷಣ ಮಾತ್ರ. ಆಕೆ ಹೊಸ್ತಿಲು ದಾಟಿ ಬಂದು, ನೆಲದ ಮೇಲಿದ್ದ ಕೀಲಿಯನ್ನು ಎತ್ತಿ ಶ್ಶಣ್ಣನ ಕೈಗಿಟ್ಟರು.

"ಮೊದಲು ಹೋಗಿ ನಾನು ಬರೆದಿರೋ ಪೇಪರೆಲ್ಲ ಹರಿದುಹಾಕಿ. ನಾಳೆಯಿಂದ ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ. ಉತ್ತರ ನಾನು ಹೇಳ್ತೀನಿ, ನೀವು ಬರೀರಿ."