ನೇತಾಡುವ ಕಾರಿಗೆ ತೆಗೆದ ಅಳತೆ

ಲೇತ್ ವರ್ಕ್‌ಶಾಪಿನ ಯಜಮಾನರ ಅಜ್ಜ ಗಾಡಿಚಕ್ರ ಮಾಡುವವರು. ಅವರ ಚಕ್ರ ಗುಂಡಿಗೆ ಬಿದ್ದರೆ ಗುಂಡಿಯೇ ಕ್ಷಮೆ ಕೇಳುತ್ತಿತ್ತಂತೆ. ಅಪ್ಪ ಪಂಪು ರಿಪೇರಿಯವರು. ಕಿವಿಯಿಟ್ಟರೆ ಸಾಕು, ಯಾವ ಬೋಲ್ಟು ಸಡಿಲವೆಂದು ಹೇಳಿಬಿಡುತ್ತಿದ್ದರು (ಹೆಂಡತಿ ಕೂಗಿದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ). ಇಬ್ಬರೂ ಜೀವಮಾನದಲ್ಲಿ ಇನ್ನೊಬ್ಬರ ಕೈ ಹಿಡಿದು ಮೇಲೆದ್ದವರಲ್ಲ. ಅಂಥ ವಂಶದ ಕುಡಿ, ಮುರಿದ ಯಂತ್ರಗಳನ್ನೇ ಗುರುವೆಂದು ನಂಬಿ ಕಲಿತ ನಮ್ಮ ಯಜಮಾನರು, ತಮ್ಮ ಅರ್ಧ ಶತಮಾನದ ಕಾರನ್ನು ಠೀವಿಗಾಗಿ ನಾಲ್ಕು ಬೆರಳು ತಗ್ಗಿಸಿದರು.

ಗ್ರಹಚಾರ ವಕ್ಕರಿಸಿದ್ದು ಅಲ್ಲೇ. ಮೈ ತಗ್ಗಿದ್ದೇ ತಡ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ದಂಡ ಮತ್ತು ಅದರ ತುದಿಯ ಪಿನಿಯನ್ ಎಂಬ ಹಲ್ಲುಚಕ್ರ, ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರಂತೆ ಮುಖ ತಿರುಗಿಸಿಕೊಂಡವು. ವೇಗ ಅರವತ್ತಕ್ಕೆ ಏರಿದಾಗ ಕಾರು ಗಡಗಡ ನಡುಗಿ, ಪಕ್ಕದಲ್ಲಿ ಕೂತಿದ್ದ, ಟೈಲರಿಂಗ್ ಮಾಡುವ ಅವರ ಹೆಂಡತಿಯ ಹೊಸ ಹಲ್ಲುಸೆಟ್ಟು ಮಡಿಲಿಗೆ ಬಿತ್ತು.

ಆಕೆ ಅದನ್ನು ಒರೆಸಿ, ಬಾಯಲ್ಲಿ ಪ್ರತಿಷ್ಠಾಪಿಸಿ, ತೀರ್ಪು ಕೊಟ್ಟರು: "ಭಾನುವಾರದೊಳಗೆ ನಡುಕ ನಿಲ್ಲದಿದ್ರೆ ಇದು ಗುಜರಿಗೆ. ನೀವೂ ಜೊತೆಗೆ ಹೋಗ್ತೀರೋ ಬಿಡ್ತೀರೋ, ನಿಮ್ಮಿಷ್ಟ."

ಯಜಮಾನರು ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಕೆಳಗೆ ತೆವಳಿ, ದಂಡಕ್ಕೂ ಪಿನಿಯನ್ನಿಗೂ ನಡುವಿನ ಕೋನ ಅಳೆದು, ಅದನ್ನು ನೇರ ಮಾಡಲು ಹಿಂದಿನ ಸ್ಪ್ರಿಂಗಿನಡಿ ಉಕ್ಕಿನ ಬೆಣೆ ತುರುಕಿದರು. ನಡುಕ ಹೆಚ್ಚಿತು. ಮತ್ತೆ ಅಳೆದರು, ಬೆಣೆ ಬದಲಿಸಿದರು. ಈ ಸಲ ಹಲ್ಲು ಡ್ಯಾಶ್‌ಬೋರ್ಡಿಗೇ ಹಾರಿತು.

ಶನಿವಾರ ಆಕೆ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ ಬಗ್ಗಿ ನೋಡಿದರು. "ರೀ, ಚಕ್ರ ಯಾಕೆ ನೇತಾಡ್ತಿವೆ?"

"ಎತ್ತಿದ್ಮೇಲೆ ನೇತಾಡದೆ ಹಾಡ್ತಾವೇನೇ?"

"ಮೂವತ್ತು ವರ್ಷ ಪ್ಯಾಂಟು ಹೊಲಿದಿದ್ದೀನಿ. ಒಬ್ಬ ಗಿರಾಕೀನೂ ಮರಕ್ಕೆ ನೇತುಹಾಕಿ ಅಳತೆ ತಗೊಂಡಿಲ್ಲಪ್ಪ. ನೆಲದ ಮೇಲೆ ನಿಲ್ಲಿಸಿ ತಗೋತೀನಿ."

ಕಾರಿನಡಿ ಸ್ಪ್ಯಾನರೊಂದು ಠಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಸಣ್ಣ ದನಿಯೊಂದು, "ಅದೇ ಮಾಡೋಣ ಅಂತಿದ್ದೆ," ಎಂದಿತು.

ನಾಲ್ಕೂ ಚಕ್ರಗಳಡಿ ದಪ್ಪ ಹಲಗೆ ಕೊಟ್ಟು, ಕಾರಿನ ಭಾರವೆಲ್ಲ ಅವುಗಳ ಮೇಲೆ ಕೂತಾಗ ಅಳೆದರೆ, ಕೋನ ಬೇರೆಯೇ! ಅದಕ್ಕೆ ತಕ್ಕ ಬೆಣೆ ಹೊಕ್ಕಿತು. ಭಾನುವಾರ ಅರವತ್ತು ದಾಟಿತು, ಎಪ್ಪತ್ತೂ ದಾಟಿತು. ಕಾರು ಎಣ್ಣೆ ಕುಡಿದ ಹೊಲಿಗೆಯಂತ್ರದಂತೆ ಓಡಿತು. ಹಲ್ಲು ಬಾಯಲ್ಲೇ ಇತ್ತು, ಮೇಲಾಗಿ ನಗುತ್ತಿತ್ತು. ಯಜಮಾನರ ಎದೆಯ ಮೇಲಿಂದ ಇಡೀ ಗುಜರಿ ಅಂಗಡಿಯೇ ಇಳಿದಂತಾಯಿತು.

ಮನೆ ಮುಂದೆ ಆಕೆ ಇಳಿದರು. ಯಜಮಾನರು ಇಳಿಯಲಿಲ್ಲ. ವಾರವಿಡೀ ತೆವಳಿದ ಸೊಂಟ, ನಾಲ್ಕು ಬೆರಳು ತಗ್ಗಿದ ಸೀಟಿನಿಂದ ಏಳಲು ಖಡಾಖಂಡಿತ ನಿರಾಕರಿಸಿತ್ತು. ಆಕೆ ಕೈ ಚಾಚಿದರು. "ಹಿಡ್ಕೊಳ್ಳಿ."

"ಬೇಡ. ಎಂಜಿನ್ ಸದ್ದು ಕೇಳ್ತಿದ್ದೀನಿ."

"ಆಫ್ ಮಾಡಿ ಹತ್ತು ನಿಮಿಷ ಆಯ್ತು!"

"ಅದಕ್ಕೇ ಇಷ್ಟು ನಯವಾಗಿ ಕೇಳಿಸ್ತಿದೆ. ನೀನು ಒಳಗೆ ನಡಿ. ನಮ್ಮ ವಂಶದಲ್ಲಿ ಯಾರೂ ಇನ್ನೊಬ್ಬರ ಕೈ ಹಿಡಿದು ಎದ್ದವರಿಲ್ಲ. ನಾನೂ ಏಳೋದಿಲ್ಲ."