ಓದದ ಕಾದಂಬರಿಯ ಮೇಲೊಂದು ಭಾಷಣ

ಮೂಡಿಗೆರೆಯಲ್ಲಿ ಮೈಕು, ಹಾರ, ಶಾಲು ಈ ಮೂರೂ ಒಂದೆಡೆ ಸೇರಿದ ಸಮಾರಂಭಕ್ಕೆ ನಾನು ಹೋಗದೆ ಇದ್ದದ್ದು ಬಹಳ ಕಡಿಮೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಪುಸ್ತಕ ಬಿಡುಗಡೆಯಿಂದ ಹಿಡಿದು ಬೀಳ್ಕೊಡುಗೆಯವರೆಗೆ ಯಾವುದಕ್ಕೆ ಕರೆದರೂ ನಲವತ್ತು ನಿಮಿಷ ಮಾತಾಡಬಲ್ಲೆ. ವಿಷಯ ಗೊತ್ತಿದ್ದರೆ ಇಪ್ಪತ್ತು ನಿಮಿಷ ಸಾಕು!

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿನಿ ಸಹನಾ ಮನೆಗೆ ಬಂದು, "ಸರ್, ನಾನೊಂದು ಕಾದಂಬರಿ ಬರ್ದಿದೀನಿ. ಮುಂದಿನ ತಿಂಗಳು ಅದರ ಬಗ್ಗೆ ಒಂದು ಕಾರ್ಯಕ್ರಮ. ನೀವೇ ಮುಖ್ಯ ಭಾಷಣ ಮಾಡ್ಬೇಕು" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನನ್ನಲ್ಲದೆ ಇನ್ಯಾರನ್ನು ಕರೆಯುತ್ತಾಳೆ?

ಸಹನಾ ಬಾಳೂರಿನವಳು. ಅವಳ ತಾಯಿ ಅಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾರೆ. ಇವಳು ಓದು ಮುಗಿಸಿ ಈಗ ಮೂಡಿಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿದ್ದಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಮಾತ್ರೆಯ ಡಬ್ಬಗಳ ಹಿಂದೆ ನೋಟ್‌ಬುಕ್ ಇಟ್ಟುಕೊಂಡು ಎರಡು ವರ್ಷ ಬರೆದಳಂತೆ. ಕಾದಂಬರಿಯ ಹೆಸರು ‘ಮಳೆ ನಿಷೇಧ’.

"ಎಂತದಮ್ಮ ಕಥೆ?" ಎಂದೆ.

"ಹದಿಹರೆಯದವರಿಗೆ ಬರೆದದ್ದು ಸರ್. ಮುಂದೆ ಯಾವತ್ತೋ ಲೋಕ ಹಾಳಾದ ಮೇಲೆ ನಡೆಯೋ ಪ್ರೇಮಕಥೆ. ಡಿಸ್ಟೋಪಿಯನ್ ಅಂತಾರೆ. ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದಿರೋ ಕುದುರೆಮುಖದ ಕ್ವಾರ್ಟರ್ಸ್ ನೋಡಿದಾಗ ಹೊಳೆದದ್ದು. ಕಥೇಲಿ ಒಂದು ಮಂಡಳಿ ಇರುತ್ತೆ. ಅದು ಊರಿಗೆಲ್ಲ ಛಾವಣಿ ಹಾಕಿಸಿ, ಮಳೆಯಲ್ಲಿ ನೆನೆಯೋದೇ ಅಪರಾಧ ಅಂತ ಕಾನೂನು ಮಾಡಿರುತ್ತೆ. ಉಳಿದದ್ದು ನೀವೇ ಓದಿ ಸರ್."

"ಓದ್ತೀನಿ ಬಿಡು" ಎಂದೆ. ಪುಸ್ತಕವನ್ನು ಕಂದು ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟಳು. ನಾನು ಒಂದು ಕೈಯಿಂದ ತೆಗೆದುಕೊಂಡು ಟಿವಿಯ ಮೇಲಿನ ಹಲಗೆಯಲ್ಲಿಟ್ಟೆ. ಮಕ್ಕಳು ಬರೆದ ಪ್ರೇಮಕಥೆ, ಅದನ್ನು ಓದಲು ಒಂದು ಸಂಜೆ ಸಾಕು ಎಂದುಕೊಂಡೆ. ಆ ಸಂಜೆ ಯಾವುದೆಂದು ಮಾತ್ರ ಗೊತ್ತುಪಡಿಸಲಿಲ್ಲ.

ಕಾರ್ಯಕ್ರಮಕ್ಕೆ ಎರಡು ದಿನ ಉಳಿದಾಗ ಹಲಗೆಯ ಮೇಲೆ ಕೈಯಾಡಿಸಿದೆ. ಪುಸ್ತಕ ಇಲ್ಲ!

"ವನಮಾಲಾ, ಇಲ್ಲಿದ್ದ ಪುಸ್ತಕ ಎಲ್ಲಿ?"

"ನಾನು ಓದಿ ಪಕ್ಕದ ಮನೆ ಗೌಡ್ರಿಗೆ ಕೊಟ್ಟೆ" ಎಂದಳು ನನ್ನ ಹೆಂಡತಿ. "ಮೂರು ವಾರ ನೀವು ಅದರ ಕಾಗದಾನೇ ಬಿಚ್ಚಿರ್ಲಿಲ್ಲ. ನೀವು ಓದ್ತೀರಿ ಅಂತ ನಾನು ಹೇಗೆ ತಾನೆ ಅಂದ್ಕೊಳ್ಳೋದು?"

"ಹೇಗಿದೆ?"

"ಪ್ರೀತಿ ಭಾಗ ಚೆನ್ನಾಗಿದೆ. ಆದ್ರೆ ಆ ಮಂಡಳಿಯವ್ರನ್ನ ಯಾಕೆ ಕೆಟ್ಟವರು ಅಂತ ಮಾಡಿದ್ದಾಳೋ ಗೊತ್ತಾಗ್ಲಿಲ್ಲ. ಜೂನಿಂದ ನಮ್ಮನೇಲಿ ಒಂದು ಟವಲ್ ಸರಿಯಾಗಿ ಒಣಗಿಲ್ಲ. ಮಳೆ ನಿಲ್ಲಿಸ್ತೀವಿ ಅಂದ್ರೆ ನಾನು ಆ ಮಂಡಳಿಗೇ ಓಟು ಹಾಕ್ತೀನಿ!"

"ಕಥೆ ಹೇಳು ಸ್ವಲ್ಪ."

"ಓದ್ಕೊಳ್ಳಿ" ಎಂದು ಅಡುಗೆಮನೆಗೆ ಹೋದಳು.

ನಾನು ಪಕ್ಕದ ಮನೆಗೆ ನಡೆದೆ. ಚಂದ್ರೇಗೌಡರು ಹಳೆಯ ಕಾಫಿ ಪ್ಲಾಂಟರ್. ಕಾದಂಬರಿಯ ಹೆಸರೆತ್ತಿದ್ದೇ ತಡ, ಅವರ ಮುಖ ಕೆಂಪಾಯಿತು.

"ಎಂತ ಮೇಷ್ಟ್ರೇ, ಆ ಹುಡುಗಿ ಎಸ್ಟೇಟ್ ಪಕ್ಕದಲ್ಲೇ ಬೆಳ್ದದ್ದಲ್ವಾ? ಊರಿಗೆಲ್ಲ ಛಾವಣಿ ಹಾಕಿದ್ರಂತೆ, ಮಳೆ ಇಲ್ವಂತೆ. ಇಪ್ಪತ್ತೈದನೇ ಪುಟದಲ್ಲಿ ಹೀರೋ ಕೂತ್ಕೊಂಡು ಕಾಫಿ ಕುಡೀತಾನೆ! ಹೂಮಳೆ ಇಲ್ದೆ ಗಿಡ ಹೂ ಬಿಡೋದು ಹೇಗೆ? ಹೂ ಇಲ್ದೆ ಕಾಫಿ ಎಲ್ಲಿಂದ ಬಂತು ಮಾರಾಯ್ರೆ? ನಾನು ಅಲ್ಲಿಗೇ ಮುಚ್ಚಿಟ್ಟೆ."

"ಪುಸ್ತಕ ಎಲ್ಲಿದೆ?"

"ಮಗಳು ತಗೊಂಡ್ಲು."

ಮಗಳು ನಿಶಾ ಪಿಯುಸಿ ಓದುತ್ತಾಳೆ. ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೊರಟು ನಿಂತಿದ್ದಳು. ಪುಸ್ತಕ ಅವಳ ಹತ್ತಿರವೂ ಇರಲಿಲ್ಲ. ಅದು ಗೆಳತಿಯೊಬ್ಬಳ ಜತೆ ಹಾಸ್ಟೆಲ್ ಸೇರಿ, ಅಲ್ಲಿ ಐದಾರು ಹುಡುಗಿಯರ ಸಾಲಿನಲ್ಲಿತ್ತು.

"ಸೂಪರ್ ಇದೆ ಅಂಕಲ್! ನಾನಂತೂ ಅತ್ತೂ ಅತ್ತೂ ಸಾಕಾಯ್ತು. ಕೊನೇಲಿ ಚುಕ್ಕಿ ಸತ್ತೋಯ್ತು!"

ನಾನು ಜೇಬಿನಿಂದ ಚೀಟಿ, ಪೆನ್ನು ತೆಗೆದೆ. "ಚುಕ್ಕಿ ಹೇಗಿದ್ದಳು?"

"ಅಯ್ಯೋ, ಆ ಕಣ್ಣು ಎಷ್ಟು ಚಂದ ಗೊತ್ತಾ! ಶಶಿ ಬಂದ ಅಂದ್ರೆ ಸಾಕು, ಎಲ್ಲಿದ್ರೂ ಓಡಿ ಬರುತ್ತೆ. ಅವನು ಊಟ ಮಾಡೋ ತನಕ ತಾನೂ ತಿನ್ನಲ್ಲ. ಅವನ ಕಾಲ ಹತ್ರಾನೇ ಮಲಗುತ್ತೆ."

ನನ್ನೊಳಗಿನ ಕನ್ನಡ ಮೇಷ್ಟ್ರು ಸುಮ್ಮನಿರಲಿಲ್ಲ. "ಬರುತ್ತೆ, ಮಲಗುತ್ತೆ ಅಲ್ಲ ನಿಶಾ. ಬರುತ್ತಾಳೆ, ಮಲಗುತ್ತಾಳೆ. ಸ್ತ್ರೀಲಿಂಗ."

ನಿಶಾ ಒಂದು ಕ್ಷಣ ನನ್ನನ್ನು ನೋಡಿದಳು. "ಹ್ಞಾಂ... ಹೆಣ್ಣೇ ಹೌದು ಅಂಕಲ್" ಎಂದಳು.

"ಮತ್ತೆ ಬೇರೆ ಪಾತ್ರಗಳು?"

"ಇಂಚರ ಅಂತ ಒಬ್ಳಿದಾಳೆ. ನಂಗೆ ಇಷ್ಟ ಆಗ್ಲಿಲ್ಲ. ಬರೀ ಜಂಬ. ಬಸ್ ಬಂತು ಅಂಕಲ್!"

ಇಷ್ಟು ಸಾಕಿತ್ತು. ಇಷ್ಟೂ ಇಲ್ಲದೆ ನಾನು ಮಹಾಕಾವ್ಯಗಳ ಮೇಲೆ ಮಾತಾಡಿದವನು! ಚೀಟಿಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡೆ. ನಾಯಕ: ಶಶಿ. ನಾಯಕಿ: ಚುಕ್ಕಿ, ತ್ಯಾಗಮಯಿ, ಕೊನೆಗೆ ಮರಣ. ಇಂಚರ: ನಡುವೆ ಬಂದ ಜಂಬದ ಹೆಣ್ಣು.

ಕಾರ್ಯಕ್ರಮದ ದಿನ ಪಂಚೆ ಉಡುತ್ತಿದ್ದಾಗ ವನಮಾಲಾ ಮತ್ತೊಮ್ಮೆ ಹೇಳಿದಳು. "ರೀ, ಓದಕ್ಕೆ ಆಗ್ಲಿಲ್ಲ ಅಂತ ಹೇಳ್ಬಿಡಿ. ಒಳ್ಳೆ ಹುಡುಗಿ, ಏನೂ ಅಂದ್ಕೊಳ್ಳಲ್ಲ."

"ನನಗೆ ಭಾಷಣ ಮಾಡೋದು ಕಲಿಸ್ಬೇಡ" ಎಂದೆ.

ಸಭಾಂಗಣ ತುಂಬಿತ್ತು. ಬಹುಪಾಲು ಕಾಲೇಜು ಹುಡುಗಿಯರು. ಎಲ್ಲರ ಕೈಯಲ್ಲೂ ಆ ಪುಸ್ತಕ. ಮುಂದಿನ ಸಾಲಿನಲ್ಲಿ ಸಹನಾಳ ತಾಯಿ ಗಿರಿಜಮ್ಮ, ಕೆಲಸಕ್ಕೆ ರಜೆ ಹಾಕಿ, ಹೊಸ ಸೀರೆ ಉಟ್ಟು, ಮಗಳ ಮೇಲೆ ಕಣ್ಣಿಟ್ಟು ಕುಳಿತಿದ್ದರು. ಅವರ ಪಕ್ಕದಲ್ಲಿ ನನ್ನ ಹೆಂಡತಿ. ನಾನು ವೇದಿಕೆ ಹತ್ತಿ, ಹಿಂದೆ ಕಟ್ಟಿದ್ದ ದೊಡ್ಡ ಬ್ಯಾನರಿಗೆ ಬೆನ್ನು ಮಾಡಿ ಗಂಭೀರವಾಗಿ ಕುಳಿತೆ.

ನನ್ನ ಸರದಿ ಬಂತು. ಮೊದಲ ಹತ್ತು ನಿಮಿಷ ಕಾದಂಬರಿ ಪ್ರಕಾರದ ಇತಿಹಾಸ. ಅದಕ್ಕೆ ಯಾವ ಕಾದಂಬರಿಯನ್ನೂ ಓದಬೇಕಾಗಿಲ್ಲ. ಮುಂದಿನ ಐದು ನಿಮಿಷ ಹೂಮಳೆ ಇಲ್ಲದೆ ಕಾಫಿ ಬಂದ ಬಗ್ಗೆ ಒಂದು ಸೂಕ್ಷ್ಮ ಆಕ್ಷೇಪ. ಆಮೇಲೆ ಕಣ್ಣು ಅರೆಮುಚ್ಚಿ ಪಾತ್ರಗಳಿಗೆ ಬಂದೆ.

"ಶಶಿ ಮತ್ತು ಚುಕ್ಕಿ! ಇಂಥ ಪರಿಶುದ್ಧ ಪ್ರೇಮವನ್ನು ನಾನು ಇತ್ತೀಚಿನ ದಿನಗಳಲ್ಲಿ ಓದಿಲ್ಲ!"

ಹಿಂದಿನ ಸಾಲು ಕಿಸಕ್ಕೆಂದಿತು. ಪ್ರೇಮ ಎಂದರೆ ಈ ವಯಸ್ಸಿನವರು ನಗುವುದು ಸಹಜ. ನಾನು ದನಿ ಏರಿಸಿದೆ.

"ಚುಕ್ಕಿಯ ಆ ಕಣ್ಣುಗಳು! ಶಶಿ ಬಂದನೆಂದರೆ ಓಡಿ ಬಂದು ಅವನ ಎದೆಗೆ ಒರಗುವ ಆ ಮುಗ್ಧತೆ! ಅವನು ಉಣ್ಣದೆ ತಾನು ಉಣ್ಣದವಳು! ಅವನ ಪಾದದ ಬಳಿಯೇ ಮಲಗುವವಳು! ಇಂದಿನ ಹೆಣ್ಣುಮಕ್ಕಳು ಚುಕ್ಕಿಯನ್ನು ನೋಡಿ ಕಲಿಯಬೇಕು!"

ಈಗ ಇಡೀ ಸಭೆ ನಗುತ್ತಿತ್ತು. ನನ್ನ ಭಾಷಣಕ್ಕೆ ಇಷ್ಟು ಸ್ಪಂದನ ಎಂದೂ ಸಿಕ್ಕಿರಲಿಲ್ಲ! ವನಮಾಲಾ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಭಾವುಕಳಾಗಿದ್ದಾಳೆ ಎಂದುಕೊಂಡು ಮುಂದುವರಿದೆ.

"ಆದರೆ ಇಂಚರ? ಆ ಕುತಂತ್ರಿ ಹೆಣ್ಣು ಇವರಿಬ್ಬರ ನಡುವೆ ಬರದಿದ್ದರೆ ಶಶಿಯು ಚುಕ್ಕಿಯನ್ನೇ ಮದುವೆಯಾಗಿ ಸುಖವಾಗಿರುತ್ತಿದ್ದ!"

ನಗು ಛಾವಣಿಗೆ ಬಡಿಯಿತು. ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಪಾಪ, ಬಹಳ ವಿನಯದಿಂದಲೇ ಹೇಳಿದಳು.

"ಸರ್... ಚುಕ್ಕಿ ನಾಯಿ ಸರ್. ಇಂಚರ ಹೀರೋಯಿನ್."

ಮನುಷ್ಯನಿಗೆ ಸುಮ್ಮನಾಗಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ನಾನು ಅದನ್ನು ಬಳಸಿಕೊಳ್ಳಲಿಲ್ಲ.

"ಗೊತ್ತಮ್ಮ, ಗೊತ್ತು" ಎಂದು ಕೈ ಎತ್ತಿದೆ. "ಇದು ಸಾಂಕೇತಿಕ! ನಾಯಿ ಎಂಬುದು ಇಲ್ಲಿ ಬರೀ ಪ್ರತೀಕ. ನೀವು ಹುಡುಕಿ ನೋಡಿ, ಇಡೀ ಪುಸ್ತಕದಲ್ಲಿ ನಿಜವಾದ ನಾಯಿ ಎಲ್ಲೂ ಕಾಣಿಸುವುದಿಲ್ಲ!"

ಸಭೆಯಲ್ಲಿದ್ದವರೆಲ್ಲ ನನ್ನ ತಲೆಯ ಮೇಲಕ್ಕೆ ನೋಡಿದರು. ನಾನೂ ತಿರುಗಿ ನೋಡಿದೆ. ಬ್ಯಾನರಿನಲ್ಲಿ ಪುಸ್ತಕದ ಮುಖಪುಟವನ್ನು ಗೋಡೆಯಗಲಕ್ಕೆ ದೊಡ್ಡದು ಮಾಡಿ ಹಾಕಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವರಿಬ್ಬರ ಮುಂದೆ, ನನಗಿಂತ ಎತ್ತರವಾಗಿ, ನಾಲಿಗೆ ಚಾಚಿಕೊಂಡು ಒಂದು ನಾಯಿ!

ಅದರ ಕಣ್ಣುಗಳು ನಿಜಕ್ಕೂ ಚೆನ್ನಾಗಿದ್ದವು.

ನಗು ತಾನಾಗಿ ನಿಂತಿತು. ಸಹನಾ ತಲೆ ತಗ್ಗಿಸಿ ತನ್ನ ಕೈಯ ಬೆರಳುಗಳನ್ನೇ ನೋಡುತ್ತಿದ್ದಳು. ಎಲ್ಲರೂ ನಗುವಾಗ ಅವಳೊಬ್ಬಳು ನಕ್ಕಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆಗ ಗಿರಿಜಮ್ಮ ಕುಳಿತಲ್ಲಿಂದಲೇ, ನನಗೆ ಸಮಾಧಾನವಾಗಲೆಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹೋಗ್ಲಿ ಬಿಡಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಂಗೂ ಓದಕ್ಕೆ ಬರಲ್ಲ. ನಮ್ ಸಹನಾನೇ ದಿನಾ ಒಂದಿಷ್ಟು ಓದಿ ಹೇಳಿದ್ಲು. ನಿಮಗೂ ಓದಿ ಹೇಳ್ತಾಳೆ."

ಅದರಲ್ಲಿ ವ್ಯಂಗ್ಯ ಒಂದು ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಮೈಕು ಬಿಟ್ಟು ಬಂದು ಕುರ್ಚಿಯಲ್ಲಿ ಕುಳಿತೆ. ಆಮೇಲೆ ನನಗೆ ಶಾಲು ಹೊದಿಸಿದರು. ಆ ಶಾಲಿನೊಳಗೆ ಪೂರ್ತಿ ಅಡಗಿಕೊಳ್ಳಲು ಆಗುತ್ತದೆಯೇ ಎಂದು ಒಂದು ಕ್ಷಣ ಯೋಚಿಸಿದೆ. ಅಷ್ಟು ದೊಡ್ಡದಿರಲಿಲ್ಲ.

ಎಲ್ಲರೂ ಚಹಾಕ್ಕೆ ಹೊರಟಾಗ ನಾನು ಮೆಟ್ಟಿಲ ಬಳಿ ಸಹನಾಳನ್ನು ನಿಲ್ಲಿಸಿದೆ. "ತಪ್ಪಾಯ್ತಮ್ಮ. ನಾನು ಪುಸ್ತಕ ಓದಿರ್ಲಿಲ್ಲ."

"ಗೊತ್ತಾಯ್ತು ಸರ್" ಎಂದಳು. ಆಮೇಲೆ ಕೇಳಿದಳು. "ಒಂಬತ್ತನೇ ಕ್ಲಾಸಲ್ಲಿ ನಾನು ನಿಮಗೊಂದು ಕಥೆ ನೋಟ್‌ಬುಕ್ ಕೊಟ್ಟಿದ್ದೆ. ನೀವು ಕೊನೇ ಪುಟದಲ್ಲಿ ಕೆಂಪು ಇಂಕಲ್ಲಿ ‘ಚೆನ್ನಾಗಿದೆ, ಬರೆಯುತ್ತಿರು’ ಅಂತ ಬರ್ದಿದ್ರಿ. ಅದಕ್ಕೇ ಭಾಷಣಕ್ಕೆ ನಿಮ್ಮನ್ನೇ ಕರೆದದ್ದು. ಅದನ್ನ ಓದಿದ್ರಾ ಸರ್?"

ನೆನಪಿಲ್ಲ ಎನ್ನಬಹುದಿತ್ತು. ಆದರೆ ನನಗೆ ಚೆನ್ನಾಗಿ ನೆನಪಿತ್ತು, ಆ ನೋಟ್‌ಬುಕ್ ಅಲ್ಲ, ನನ್ನ ಅಭ್ಯಾಸ. ಮೂವತ್ತೆರಡು ವರ್ಷ ಎಲ್ಲ ನೋಟ್‌ಬುಕ್ಕುಗಳನ್ನೂ ನಾನು ಕೊನೆಯ ಪುಟಕ್ಕೇ ತೆರೆದು, ಅಲ್ಲೇ ಬರೆದು ಮುಚ್ಚಿದವನು.

"ಇಲ್ಲಮ್ಮ" ಎಂದೆ.

ಸಹನಾ ತಲೆಯಾಡಿಸಿದಳು. "ಪರವಾಗಿಲ್ಲ ಸರ್. ನಾನು ನಿಜ ಅಂದ್ಕೊಂಡೇ ಬರೆದೆ. ಈಗ ಎಂತ ಮಾಡೋದು, ಪುಸ್ತಕ ಆಗಿಹೋಗಿದೆ!" ಎಂದು, ಒಂದು ಪ್ರತಿಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಈ ಸಲ ನಾನು ಎರಡೂ ಕೈ ಚಾಚಿದ್ದೆ.

ಮನೆಗೆ ಬಂದು ಓದಲು ಕುಳಿತೆ. ಮೊದಲ ನಲವತ್ತು ಪುಟ ನಿಜಕ್ಕೂ ಎಳೆದಂತಿವೆ. ಶಶಿ ವಿಪರೀತ ನಿಟ್ಟುಸಿರು ಬಿಡುತ್ತಾನೆ. ಹೂಮಳೆಯ ಪ್ರಶ್ನೆಗೆ ನೂರಾ ಹತ್ತನೇ ಪುಟದಲ್ಲಿ ಉತ್ತರವಿದೆ, ಗೌಡರು ಅಲ್ಲಿಯವರೆಗೆ ತಾಳಲಿಲ್ಲ. ಇಂಚರಳಿಗೆ ಜಂಬವೇನೂ ಇಲ್ಲ, ಭಯವಿದೆ, ಅದನ್ನು ಮುಚ್ಚಿಡುತ್ತಾಳೆ ಅಷ್ಟೆ. ಅವಳು ಛಾವಣಿಯ ಒಂದು ತಗಡನ್ನು ಕಿತ್ತು, ಹುಟ್ಟಿದ ಮೇಲೆ ಮೊದಲ ಸಲ ಮಳೆಗೆ ಮುಖ ಒಡ್ಡುವ ಪುಟವನ್ನು ಮೂರು ಸಲ ಓದಿದೆ. ಚುಕ್ಕಿ ಸತ್ತಾಗ ಕನ್ನಡಕ ತೆಗೆದು ಒರೆಸಿಕೊಂಡೆ.

"ಅದು ನಾಯಿ, ನೆನಪಿದ್ಯಲ್ಲ?" ಎಂದಳು ವನಮಾಲಾ.

ಎರಡು ದಿನ ಬಿಟ್ಟು ಮೆಡಿಕಲ್ ಶಾಪಿಗೆ ಹೋದೆ. ಹಿಡಿಸಿದ್ದು, ಹಿಡಿಸದ್ದು ಎಲ್ಲವನ್ನೂ ಪುಟಸಂಖ್ಯೆಯ ಸಮೇತ ಹೇಳಿದೆ. ನಿಟ್ಟುಸಿರಿನ ವಿಷಯಕ್ಕೆ ಅವಳು ನಕ್ಕಳು, ಮೊದಲ ನಲವತ್ತು ಪುಟದ ವಿಷಯಕ್ಕೆ ಜಗಳಕ್ಕೇ ನಿಂತಳು. ನಾವಿಬ್ಬರೂ ಕೌಂಟರಿನ ಮೇಲೆ ಪುಸ್ತಕ ಹರಡಿ ವಾದ ಮಾಡುತ್ತಿದ್ದಾಗ ಕೆಮ್ಮಿನ ಔಷಧಿಗೆಂದು ಬಂದ ಹೆಂಗಸೊಬ್ಬರು ಕಾದೂ ಕಾದೂ ಕೇಳಿದರು.

"ಇವ್ರು ಯಾರಮ್ಮ?"

ಸಹನಾ ಬಾಟಲಿಯನ್ನು ಕವರಿಗೆ ಹಾಕುತ್ತ, ಬಹಳ ಮರ್ಯಾದೆಯಿಂದ ಪರಿಚಯ ಮಾಡಿಕೊಟ್ಟಳು.

"ನಮ್ಮ ಕನ್ನಡ ಮೇಷ್ಟ್ರು. ಈಗೀಗ ಓದಕ್ಕೆ ಶುರು ಮಾಡಿದಾರೆ."