ಹದಿಮೂರೂವರೆ ವೋಲ್ಟು

ಚೆನ್ನೈಯ ವೇಲಚೇರಿ ಫ್ಲೈಓವರಿನ ಏರಿನಲ್ಲಿ ಲಿಖಿತ್‌ನ ಕಾರನ್ನು ಒಂದು ಲಗೇಜ್ ಆಟೋ ಹಿಂದೆ ಹಾಕಿತು. ಖಾಲಿ ಆಟೋ ಆಗಿದ್ದರೆ ಅವನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದ. ಅದರ ಮೇಲೆ ಒಂದು ಮಂಚ, ಒಂದು ಬೀರು, ಬೀರು ಬೀಳದಂತೆ ತಬ್ಬಿಕೊಂಡ ಇಬ್ಬರು ಆಳುಗಳಿದ್ದರು. ಅವರಲ್ಲೊಬ್ಬ ಬಿಡುವು ಮಾಡಿಕೊಂಡು ಲಿಖಿತ್‌ಗೆ ಟಾಟಾ ಬೇರೆ ಮಾಡಿದ.

ಕಾರಿನ ಎಂಜಿನ್ನಿಗೆ ಬುದ್ಧಿ ಕಲಿಸಲೇಬೇಕೆಂದು ಲಿಖಿತ್ ಅವತ್ತೇ ತೀರ್ಮಾನಿಸಿದ. ಈಗಿನ ಎಂಜಿನ್ನುಗಳ ಬುದ್ಧಿಯೆಲ್ಲ ಒಂದು ಅಲ್ಯೂಮಿನಿಯಂ ಡಬ್ಬಿಯಲ್ಲಿರುತ್ತದೆ. ಆ ಕಂಪ್ಯೂಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ವೈರು ಸಿಕ್ಕಿಸಿ, ಲ್ಯಾಪ್‌ಟಾಪಿನಿಂದ ಹೊಸ ಪ್ರೋಗ್ರಾಂ ಬರೆದರೆ ಗಾಡಿ ಕುದುರೆಯಾಗುತ್ತದೆ ಎಂದು ವೀಡಿಯೋದಲ್ಲಿ ಒಬ್ಬ ಹೇಳಿದ್ದ. ಬೇಕಾದ ಸಲಕರಣೆ ಎರಡು ವಾರದಲ್ಲಿ ಅಂಚೆಯಲ್ಲಿ ಬಂತು.

ತೊಡಕೆಂದರೆ, ಕಾರು ಕೊಟ್ಟವರು ಮಾವ ಶಿವರಾಮು. ಮಂಡ್ಯದಲ್ಲಿ ಹದಿನಾಲ್ಕು ಟ್ಯಾಕ್ಸಿ ಓಡಿಸುವ ಮನುಷ್ಯ. ಎರಡು ವರ್ಷದ ಹಿಂದೆ ಬೀಗದಕೈ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಅಳಿಯಂದ್ರೆ, ಬಾನೆಟ್ ಒಳಗೆ ನೀವು ಕೈ ಹಾಕಬೇಡಿ." ಅಳಿಯನ ಕೈಗುಣದ ಬಗ್ಗೆ ಅವರಿಗೆ ಏನೋ ಸುಳಿವು ಸಿಕ್ಕಿರಬೇಕು. ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ಲಿಖಿತ್‌ನ ಕೆಲಸ. 'ತಜ್ಞರಿಂದಲೇ ಮಾಡಿಸಿ' ಎಂಬ ವಾಕ್ಯವನ್ನು ಅವನು ಕಡಿಮೆಯೆಂದರೆ ನಾನೂರು ಕಡೆ ಬರೆದಿದ್ದ. ತನಗೂ ಅದು ಅನ್ವಯಿಸುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ ಹೆಂಡತಿ ನವ್ಯಾ ಗೆಳತಿಯ ಸೀಮಂತಕ್ಕೆಂದು ನುಂಗಂಬಾಕ್ಕಂಗೆ ಹೊರಟಳು. "ನಾಲ್ಕಕ್ಕೆ ಬರ್ತೀನಿ. ಐದೂವರೆಗೆ ಅಪ್ಪನ ಟ್ರೈನ್ ಸೆಂಟ್ರಲ್‌ಗೆ ಬರುತ್ತೆ. ರೆಡಿಯಾಗಿರಿ" ಅಂದಳು. ಬುದ್ಧಿಯಿದ್ದವನು ಮಾವ ಬಂದು ಹೋಗುವ ತನಕ ಕಾಯುತ್ತಿದ್ದ. ಆದರೆ ಮಾವ ಪಕ್ಕದ ಸೀಟಿನಲ್ಲಿರುವಾಗಲೇ ಇನ್ನೊಂದು ಬೀರು ತನ್ನನ್ನು ಹಿಂದೆ ಹಾಕಿದರೆ? ಗಾಡಿ ಓಡಿಸಲು ಬಾರದ ಅಳಿಯ ಎಂಬ ಹೆಸರು ಮಂಡ್ಯದ ಟ್ಯಾಕ್ಸಿ ಸ್ಟ್ಯಾಂಡಿನವರೆಗೂ ಹೋಗುವುದನ್ನು ಲಿಖಿತ್ ಕಲ್ಪಿಸಿಕೊಂಡ. ನವ್ಯಾ ಲಿಫ್ಟಿನಲ್ಲಿ ಇಳಿದಳು, ಇವನು ಸ್ಪ್ಯಾನರ್ ಹಿಡಿದು ಮೆಟ್ಟಿಲಲ್ಲಿ ಇಳಿದ.

ಹತ್ತೂವರೆಗೆ ಡಬ್ಬಿ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕ ಕೂತಿತ್ತು. ವೈರುಗಳೆಲ್ಲ ಚಿತ್ರದಲ್ಲಿದ್ದ ಹಾಗೇ ಸೇರಿದವು. ಉಳಿದದ್ದು ಕರೆಂಟು ಕೊಡುವುದು. ಸಲಕರಣೆಯ ಜೊತೆ ಬಂದ ಕೈಪಿಡಿಯಲ್ಲಿ ಆ ಬಗ್ಗೆ ಇದ್ದದ್ದು ಎರಡೇ ವಾಕ್ಯ: 'ಸೂಕ್ತವಾದ ಪವರ್ ಸಪ್ಲೈ ಬಳಸಿ. ಬರೆಯುವಾಗ ಕರೆಂಟು ಕುಸಿದರೆ ಕಂಪ್ಯೂಟರ್ ಶಾಶ್ವತವಾಗಿ ಕೆಡುತ್ತದೆ.'

"ಸೂಕ್ತವಾದ ಅಂದ್ರೆ ಯಾವುದಯ್ಯಾ?" ಎಂದು ಲಿಖಿತ್ ಆ ಹಾಳೆಯ ಮೇಲೆ ರೇಗಿದ. ಇಂಥದೇ ವಾಕ್ಯ ಬರೆದು ತಾನೆಷ್ಟು ಸಲ ನೆಮ್ಮದಿಯಾಗಿ ಊಟಕ್ಕೆದ್ದು ಹೋಗಿದ್ದೇನೆಂದು ನೆನಪಾಗಿ ಹಾಳೆಯನ್ನು ಮಡಚಿಟ್ಟ.

ಲ್ಯಾಪ್‌ಟಾಪಿನ ಅಡಾಪ್ಟರು ಹತ್ತೊಂಬತ್ತು ವೋಲ್ಟು. ಅದನ್ನು ಚುಚ್ಚುವ ಮೊದಲು ಚೀಟಿ ಓದಿದ್ದು ಆ ದಿನ ಅವನು ಮಾಡಿದ ಮೊದಲ ಬುದ್ಧಿವಂತಿಕೆ. ವೈಫೈ ರೂಟರಿನದು ಸರಿಯಾಗಿ ಹನ್ನೆರಡು. ಅದನ್ನು ಕಿತ್ತು ಡಬ್ಬಿಗೆ ಕೊಟ್ಟ. ಲ್ಯಾಪ್‌ಟಾಪಿನಲ್ಲಿ ಹಸಿರು ದೀಪ ಬಂತು, ಹೋಯಿತು, ಬಂತು, ಹೋಯಿತು. ಅಷ್ಟರಲ್ಲಿ ಬಾಗಿಲ ಗಂಟೆಯೂ ಬಡಿಯಿತು.

ಎದುರು ಮನೆಯ ಜಯಲಕ್ಷ್ಮೀ ಮಾಮಿ. ನಲವತ್ತು ವರ್ಷದಿಂದ ಚೆನ್ನೈಯಲ್ಲಿರುವ ಕನ್ನಡದವರು. ಲಿಖಿತ್‌ನ ವೈಫೈಯಲ್ಲಿ ಒಂದು ವರ್ಷದಿಂದ ಇರುವವರು.

"ಎನ್ನಾಪ್ಪಾ ಲಿಖಿತ್, ನೆಟ್ ಹೋಯ್ತೇ? ಸೀರಿಯಲ್ ಪಾರ್ಥುಂಡಿದ್ದೆ. ಸೊಸೆ ಪಾಯಸಕ್ಕೆ ವಿಷ ಹಾಕಕ್ಕೆ ಕೈ ಎತ್ತಿದ್ಲು, ಅಲ್ಲೇ ನಿಂತ್ಬಿಟ್ಲು!"

"ಹತ್ತು ನಿಮಿಷ ಮಾಮಿ, ಆಫೀಸ್ ಕೆಲಸ."

ಮಾಮಿ ಮೇಜಿನ ಹತ್ತಿರ ಬಂದು ಡಬ್ಬಿಯನ್ನೂ ಮಿಣುಕುವ ಹಸಿರು ದೀಪವನ್ನೂ ನೋಡಿದರು. "ಇದಕ್ಕೆ ಕರೆಂಟ್ ಪೋರಲೆಪ್ಪಾ, ಸಾಲ್ತಿಲ್ಲ. ಕೆಳಗೆ ಬಾಬುವನ್ನ ಕರೀತೀನಿ ಇರು, ಸೀಕ್ರಂ, ಬೇಗ ಬರ್ತಾನೆ. ವಿಷ ಅಲ್ಲೇ ನಿಂತಿದೆಯಲ್ಲ" ಎಂದು ಅಲ್ಲೇ ಫೋನು ತೆಗೆದರು. ಬೇಡವೆನ್ನಲು ಲಿಖಿತ್ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಬಾಬು ಹಲೋ ಅಂದಾಗಿತ್ತು.

ಬಾಬು ಕುಂದಾಪುರದವರು. ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ ಅವರ ಸಸ್ಯಾಹಾರಿ ಹೋಟೆಲು. ಬಂದವರೇ ಡಬ್ಬಿಯನ್ನು ನೋಡಿ, "ಇದು ಕಾರಿನ ಕಂಪ್ಯೂಟರ್ ಅಲ್ವಾ ಮಾರಾಯ್ರೆ? ಇದನ್ನೆಂತಕ್ಕೆ ಬಿಚ್ಚಿದ್ದು?" ಅಂದರು. ಆಫೀಸ್ ಕೆಲಸದ ಕಥೆ ಅಲ್ಲಿಗೆ ಮುಗಿಯಿತು. ಲಿಖಿತ್ ಇಬ್ಬರ ಮುಂದೆಯೂ ಎಲ್ಲ ಒಪ್ಪಿಕೊಂಡು, "ನಮ್ಮ ಮಾವನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು" ಎಂದು ಕೈ ಮುಗಿದ.

"ನಮಗ್ಯಾಕಪ್ಪಾ ಊರ ವಿಷಯ" ಅಂದರು ಮಾಮಿ, ಕುರ್ಚಿ ಎಳೆದುಕೊಂಡು ಕೂರುತ್ತ.

ಬಾಬು ಮೊದಲು ತರಿಸಿದ್ದು ಹೋಟೆಲಿನ ಜನರೇಟರಿನ ಬ್ಯಾಟರಿ ಚಾರ್ಜರು. ಮೀಟರಿಟ್ಟು ನೋಡಿದರೆ ಹನ್ನೊಂದು, ಹದಿನಾರು, ಹನ್ನೆರಡು, ಹದಿನೈದು. ಅದು ಏರಿಳಿಯುವುದನ್ನು ನೋಡಿಯೇ ಲಿಖಿತ್‌ಗೆ ತಲೆ ತಿರುಗಿತು. ಆಮೇಲೆ ಮಾಮಿ ತಮ್ಮ ನೀರಿನ ಫಿಲ್ಟರಿನ ಅಡಾಪ್ಟರು ತಂದರು. ಅದು ಇಪ್ಪತ್ತನಾಲ್ಕು ವೋಲ್ಟು. ಬೇಡವೆಂದರೆ ಮುಖ ಸಣ್ಣದು ಮಾಡಿಕೊಂಡು, "ಒಳ್ಳೆ ಕಂಪನಿದಪ್ಪಾ" ಅಂದರು. ಗಂಟೆ ಒಂದಾಗಿತ್ತು.

ಬಾಬು ತಟ್ಟನೆ ತೊಡೆ ತಟ್ಟಿದರು. "ಅಯ್ಯೋ, ನಮ್ಮ ಬೋರ್ಡಿಂದು ಉಂಟಲ್ಲ! ಎಲ್‌ಇಡಿ ಬೋರ್ಡಿನ ಹಿಂದೆ ತೂತುತೂತಿನ ಒಂದು ಡಬ್ಬಿ. ಹನ್ನೆರಡು ವೋಲ್ಟು, ಇಪ್ಪತ್ತು ಆಂಪು. ಐದು ವರ್ಷ ಆಯ್ತು, ಒಂದಕ್ಷರ ಮಿಣುಕ್ಲಿಲ್ಲ. ಕರೆಂಟು ಹೋದ್ರೂ ತೊಂದ್ರೆ ಇಲ್ಲ, ಬೋರ್ಡಿಗೆ ಇನ್ವರ್ಟರ್ ಲೈನೇ ಕೊಟ್ಟದ್ದು."

ಹಾಗಾಗಿ ಶಿವರಾಮುರವರ ಕಾರಿನ ಮೆದುಳು ಟವೆಲಿನಲ್ಲಿ ಸುತ್ತಿಕೊಂಡು ಹೋಟೆಲಿನ ಅಡುಗೆಮನೆಗೆ ಇಳಿಯಿತು. ತರಕಾರಿ ಹೆಚ್ಚುವ ಸ್ಟೀಲಿನ ಮೇಜಿನ ಮೇಲೆ ಬೀನ್ಸ್ ಸರಿಸಿ, ಒಣಬಟ್ಟೆ ಹಾಸಿ ಅದನ್ನಿಟ್ಟರು. ಬೋರ್ಡಿನ ಹಿಂದಿನಿಂದ ವೈರು ಸಮೇತ ತಂದ ಸಪ್ಲೈಯಲ್ಲಿದ್ದ ಪುಟ್ಟ ತಿರುಪನ್ನು ತಿರುಗಿಸಿದಾಗ ಮೀಟರು, ಓಡುವ ಕಾರಿನಲ್ಲಿರುವ ಹಾಗೇ, ಹದಿಮೂರೂವರೆಗೆ ಏರಿ ಅಲ್ಲೇ ನಿಂತಿತು. ಹಸಿರು ದೀಪವೂ ಮಿಣುಕದೆ ನಿಂತಿತು. ಲಿಖಿತ್‌ಗೆ ಆ ಸಪ್ಲೈಯನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು.

ಬರೆಯಲು ಶುರುಮಾಡಿದಾಗ ಎರಡೂ ಹತ್ತು. ಸುದ್ದಿ ಹೇಗೆ ಹೋಯಿತೋ, ಊಟಕ್ಕೆ ಬಂದವರಲ್ಲಿ ಐದಾರು ಮಂದಿ ಎಂಜಲು ಕೈಯಲ್ಲೇ ಬಂದು ಮೇಜು ಸುತ್ತುವರಿದರು. ಮಾಮಿ ಎಲ್ಲರಿಗೂ ತಮಿಳಿನಲ್ಲಿ ವಿವರಿಸುತ್ತಿದ್ದರು. ಮಾವನ ವಿಷಯವನ್ನೂ ಬಿಡಲಿಲ್ಲ. ಇಪ್ಪತ್ತು, ನಲವತ್ತು, ಅರವತ್ತೊಂದು ಪರ್ಸೆಂಟ್.

ಅರವತ್ತೊಂದರಲ್ಲಿ ಅಡುಗೆಯವರು ಯಾರೋ ಅಭ್ಯಾಸಬಲದಿಂದ ದೊಡ್ಡ ಗ್ರೈಂಡರಿನ ಸ್ವಿಚ್ಚು ಒತ್ತಿದರು. ಅಡುಗೆಮನೆಯ ದೀಪಗಳೆಲ್ಲ ಮಂಕಾದವು. "ಗ್ರೈಂಡರ್ ಆಫ್ ಮಾಡ್ರಾ!" ಎಂದು ಬಾಬು ಕಿರುಚಿದರು. ಲಿಖಿತ್ ಕಣ್ಣು ಮುಚ್ಚಿ, ಊರಿನ ಮನೆದೇವರಿಗೆ ತನ್ನ ಕೂದಲು ಒಪ್ಪಿಸಿಬಿಟ್ಟ. ಕಣ್ಣು ಬಿಟ್ಟಾಗಲೂ ಮೀಟರು ಹದಿಮೂರೂವರೆಯನ್ನೇ ತೋರಿಸುತ್ತಿತ್ತು. ನೂರಾದಾಗ ಹೋಟೆಲಿನಲ್ಲಿ ಚಪ್ಪಾಳೆ ಬಿತ್ತು.

ಮೂರೂಮುಕ್ಕಾಲಿಗೆ ಡಬ್ಬಿ ಕಾರಿನಲ್ಲಿ ತನ್ನ ಜಾಗ ಸೇರಿತು. ಎಂಜಿನ್ನು ಒಂದೇ ತಿರುವಿಗೆ ಶುರುವಾಯಿತು. ನಾಲ್ಕಕ್ಕೆ ನವ್ಯಾ ಬಂದಾಗ ಲಿಖಿತ್ ಸ್ನಾನ ಮಾಡಿ ಪೇಪರ್ ಓದುತ್ತಿದ್ದ. ತನ್ನ ಬದುಕಿನಲ್ಲಿ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಸರಿಯಾಗಿ ಮಾಡಿದ್ದು ಇದೇ ಮೊದಲು, ಅದನ್ನೂ ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬುದೊಂದೇ ಅವನ ಸಂಕಟ.

ಸೆಂಟ್ರಲ್‌ನಲ್ಲಿ ಇಳಿದ ಶಿವರಾಮು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಲ್ಲೂ ಒಂದು ಗೀರಿಲ್ಲ, ಭೇಷ್" ಎಂದು ಅಳಿಯನ ಪಕ್ಕ ಕೂತರು. ನವ್ಯಾ ಹಿಂದೆ ಕೂತಳು. ಗಿಂಡಿ ದಾಟುವವರೆಗೆ ಲಿಖಿತ್ ಸಾಧುವಾಗಿಯೇ ಓಡಿಸಿದ. ಫ್ಲೈಓವರಿನ ಏರು ಬಂದಾಗ ಮಾತ್ರ ಅವನ ಕಾಲು ಅವನ ಮಾತು ಕೇಳಲಿಲ್ಲ. ಕಾರು ಎರಡು ಬಸ್ಸು, ಒಂದು ಲಾರಿಯನ್ನು ಹಿಂದೆ ಹಾಕಿ ಏರಿನ ತುದಿ ಮುಟ್ಟಿದ ಮೇಲೆಯೇ ಅವನಿಗೆ ಉಸಿರು ಬಂದದ್ದು. ಮಾವ ಮೆಚ್ಚಿರಬೇಕೆಂದು ಪಕ್ಕಕ್ಕೆ ನೋಡಿದ.

"ಇಳಿದ ಮೇಲೆ ಪಕ್ಕಕ್ಕೆ ಹಾಕಿ ಅಳಿಯಂದ್ರೆ" ಅಂದರು ಶಿವರಾಮು. ಕಾರು ನಿಂತ ಮೇಲೆ ಶಾಂತವಾಗಿ ಕೇಳಿದರು: "ಕಂಪ್ಯೂಟರ್ ಯಾರು ಬಿಚ್ಚಿದ್ದು?"

"ಯಾ... ಯಾವ ಕಂಪ್ಯೂಟರ್ ಮಾವ?"

"ಈ ಗಾಡಿ ದಮ್ಮನ್ನ ಕಂಪ್ಯೂಟರಲ್ಲೇ ಅರ್ಧಕ್ಕೆ ಇಳಿಸಿ, ಕಟ್ಟಿ ಕೊಟ್ಟಿದ್ದೆ ನಾನು. ನಮ್ಮಲ್ಲಿ ಹೊಸ ಡ್ರೈವರ್ ಯಾರೇ ಬರ್ಲಿ, ಎರಡು ವರ್ಷ ಹಂಗೇ ಕಟ್ಟಿರ್ತೀನಿ. ಕಟ್ಟಿರೋ ಗಾಡಿ ಹಿಂಗೆ ಏರು ಹತ್ತಲ್ಲ."

ಲಿಖಿತ್ ಹಿಂದಕ್ಕೆ ತಿರುಗಿದ. ನವ್ಯಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನಾನೇ ಕಟ್ಟಿಸಪ್ಪಾ ಅಂದಿದ್ದು. ನಿಮಗೆ ಲೈಸೆನ್ಸ್ ಬಂದು ಆಗ ಹದಿನೈದು ದಿನ ಆಗಿತ್ತು."

"ಎರಡು ವರ್ಷ ಒಂದು ಗೀರಿಲ್ಲದೆ ಓಡಿಸಿದ್ರಿ, ಹೇಳಿದ ಮಾತು ಕೇಳ್ಕೊಂಡು ಇದ್ರಿ, ನಂಬಿಕೆ ಬಂತು" ಎಂದರು ಶಿವರಾಮು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. "ಆ ಕಟ್ಟು ಬಿಚ್ಚಿಸಿಕೊಡೋಣ ಅಂತಲೇ ಇವತ್ತು ಬಂದಿದ್ದು ನಾನು. ನಮ್ಮ ಮೆಕ್ಯಾನಿಕ್ ಅಂದಾನಿ ನಾಳೆ ಬೆಳಗ್ಗೆ ಬರ್ತಾನೆ."

ಲಿಖಿತ್ ಆಸೆ ಬಿಡದೆ, "ಹಾಗಾದ್ರೆ ಅವರು ಬರೋದು ಬೇಡ ಅಲ್ವಾ ಮಾವ? ಹೇಗೂ ಬಿಚ್ಚಿಯಾಯ್ತಲ್ಲ" ಅಂದ.

"ಬರ್ಲಿ ಬರ್ಲಿ. ಕಟ್ಟೋಕೆ ಬೇಕಲ್ಲ. ಇನ್ನೆರಡು ವರ್ಷ."

ಶಿವರಾಮು ಕೆಳಗಿಳಿದು ಈ ಬದಿಗೆ ಬಂದು ಬಾಗಿಲು ತೆರೆದು ನಿಂತರು. ಲಿಖಿತ್ ಇಳಿದು ಹಿಂದೆ ಹೋಗಿ ಹೆಂಡತಿಯ ಪಕ್ಕ ಕೂತ. ಮಾವ ಸೀಟು ಸರಿಮಾಡಿಕೊಂಡು, ಆಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ಒತ್ತಿ, ತಲೆದೂಗಿದರು.

"ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದೀರಿ. ನಾಳೆ ಬೆಳಗ್ಗೆವರೆಗೂ ನಾನೇ ಓಡಿಸ್ತೀನಿ" ಎಂದವರೇ ಗಾಡಿಯನ್ನು ಬಾಣದಂತೆ ಬಿಟ್ಟರು. ಲಿಖಿತ್ ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದುಕೊಂಡ.